ಉಲ್ಟಾ ತಿರುಗಿದ ಪಂಪು

ಒಮಾನಿನಲ್ಲಿ ಜಲವಿದ್ಯುತ್ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ನದಿಯೇ ಇಲ್ಲದ ದೇಶ ಇದು. ಮಳೆ ಬಂದ ದಿನ ವಾದಿಯಲ್ಲಿ, ಅಂದರೆ ಒಣಹಳ್ಳದಲ್ಲಿ, ಕೆಂಪು ನೀರು ಕಾರುಗಳನ್ನೇ ಹೊತ್ತುಕೊಂಡು ಓಡುತ್ತದೆ, ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಬರೀ ಕಲ್ಲು. ಇಂಥ ಊರಿನಲ್ಲಿ ನಾನು ನೀರಿನಿಂದ ಕರೆಂಟು ತೆಗೆದೆ ಎಂದರೆ, ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಅತ್ತಿಗೆಯೇ "ಪಾಪ, ಅಲ್ಲಿ ಬಿಸಿಲು ಜಾಸ್ತಿ" ಎಂದು ಪಕ್ಕದವರಿಗೆ ಹೇಳಿದರು. ಆದರೆ ತೆಗೆದೆ. ಒಳನಾಡಿನ ನಿಜ್ವಾ ಊರಿಗೆ ಹೋಗುವ ನೀರಿನ ಪೈಪಿನಿಂದ ತೆಗೆದೆ, ಈಗಲೂ ಅದು ಗ್ರಿಡ್ಡಿಗೆ ಹೋಗುತ್ತಿದೆ, ಯಾರು ಬೇಕಾದರೂ ಬಂದು ನೋಡಬಹುದು.

ಮಸ್ಕತ್ತಿಗೆ ಬರುವ ಮೊದಲು ನಾನು ಘಟ್ಟದ ಬುಡದಲ್ಲಿ, ಬಂಡೆ ಕೊರೆದು ನೆಲದೊಳಗೆ ಕಟ್ಟಿದ ಒಂದು ಜಲವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದೆ. ಅಲ್ಲಿ ಕೆಲಸ ಮಾಡಿದವರಿಗೆ ಒಂದು ಅಹಂಕಾರ ಇರುತ್ತದೆ. ನನಗೂ ಇತ್ತು, ಈಗಲೂ ಇದೆ. ಕರೆಂಟನ್ನು ಅಕ್ಕಿಯ ಹಾಗೆ ಡಬ್ಬದಲ್ಲಿ ತುಂಬಿಡಲು ಬರುವುದಿಲ್ಲ. ಊರುಗಳು ಎಷ್ಟು ಕೇಳುತ್ತವೋ ಅಷ್ಟು ಆ ಗಳಿಗೆಯಲ್ಲೇ ಹುಟ್ಟಬೇಕು. ಕಲ್ಲಿದ್ದಲಿನ ಸ್ಥಾವರ ಬಾಯ್ಲರ್ ಕಾಯಿಸಿ ಮೈಮುರಿದು ಏಳುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ನಮ್ಮದು ಹಾಗಲ್ಲ. ಸಂಜೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ, ಯಾವ ಸ್ಥಾವರ ಯಾವಾಗ ಓಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್‌ನಿಂದ ಫೋನು ಬರುತ್ತಿತ್ತು, "ಮಷೀನ್ ಎತ್ತಿ" ಎಂದು. ನೀರಿನ ಗೇಟು ತೆರೆದರೆ ಸಾಕು, ಕೈಯಲ್ಲಿದ್ದ ಚಹಾ ಆರುವ ಮೊದಲು ನಮ್ಮ ಕರೆಂಟು ಗ್ರಿಡ್ಡಿಗೆ ಸೇರಿರುತ್ತಿತ್ತು. ಗ್ರಿಡ್ ಪೂರ್ತಿ ಬಿದ್ದುಹೋದರೂ ಮೊದಲು ಏಳುವುದು ಜಲವಿದ್ಯುತ್ತೇ. ಬೇರೆ ಸ್ಥಾವರಗಳಿಗೆ ತಮ್ಮನ್ನು ತಾವು ಎಬ್ಬಿಸಿಕೊಳ್ಳಲೂ ಕರೆಂಟು ಬೇಕು, ಅದನ್ನು ಕೊಡುವವರು ನಾವು.

ಆಮೇಲೆ ಗಂಡನ ಕೆಲಸದ ಹಿಂದೆ ಬಂದು ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತೆ. ಶಾಲೆ ಬಿಟ್ಟು ಬಂದ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳಿದೆ. ನನ್ನ ಮಗಳು ದೊಡ್ಡವಳಾಗಿ ಓದಲು ಹೋದ ಮೇಲೆ ನೀರು ಸಾಗಿಸುವ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದೆ. ಭಾನುವಾರ ಬೆಳಿಗ್ಗೆ ಕಾರು ಹತ್ತಿ ನಿಜ್ವಾಕ್ಕೆ, ಗುರುವಾರ ಸಂಜೆ ವಾಪಸ್ಸು ಮನೆಗೆ, ಇಲ್ಲಿ ವಾರದ ರಜೆ ಶುಕ್ರವಾರ ಶನಿವಾರ. ನಡುವೆ ಕಂಪನಿಯ ಕೋಣೆಯಲ್ಲಿ ವಾಸ. ಗಂಡ ಫೋನಿನಲ್ಲಿ "ಸಾರಿಗೆ ಹುಳಿ ಎಷ್ಟು ಹಾಕುದು?" ಎಂದು ಕೇಳಿ ಕೇಳಿ ಕೊನೆಗೆ ನನಗಿಂತ ಒಳ್ಳೆಯ ಸಾರು ಮಾಡಲು ಕಲಿತರು.

ನಮ್ಮ ಕೆಲಸ ಇಷ್ಟೇ. ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ ಸಿಹಿನೀರು ದೊಡ್ಡ ಪೈಪಿನಲ್ಲಿ ಬರುತ್ತದೆ. ಪಂಪುಗಳು ಅದನ್ನು ಬೆಟ್ಟದ ಮೇಲಿನ ಟ್ಯಾಂಕಿಗೆ ನೂಕುತ್ತವೆ. ಅಲ್ಲಿಂದ ಆಚೆ ಇಳಿಜಾರು. ನೀರು ತಾನಾಗಿ ಕೆಳಗೆ ಧುಮುಕುತ್ತದೆ. ಧುಮುಕಿದ ನೀರಿನ ಒತ್ತಡ ಎಷ್ಟಿರುತ್ತದೆ ಎಂದರೆ, ಹಾಗೆಯೇ ಊರಿಗೆ ಬಿಟ್ಟರೆ ಪೈಪುಗಳೆಲ್ಲ ಒಡೆದು ಚೂರಾಗುತ್ತವೆ. ಅದಕ್ಕೆ ಇಳಿಜಾರಿನ ಬುಡದಲ್ಲಿ ಒಂದು ಶೆಡ್ಡು, ಶೆಡ್ಡಿನಲ್ಲಿ ಒಂದು ವಾಲ್ವು. ಆ ವಾಲ್ವಿನ ಕೆಲಸ ಒತ್ತಡವನ್ನು ಕೊಲ್ಲುವುದು. ಬೇರೇನೂ ಇಲ್ಲ, ಬರೀ ಕೊಲ್ಲುವುದು. ನೀರು ಅದರೊಳಗೆ ಹಿಂಡಿಕೊಂಡು ಹೋಗುವಾಗ ಕಿರುಚುವ ಕಿರುಚಾಟಕ್ಕೆ ಕಿವಿಗೆ ಮುಚ್ಚಳ ಹಾಕದೆ ಒಳಗೆ ನಿಲ್ಲುವಂತಿರಲಿಲ್ಲ.

ಮೊದಲ ಸಲ ಆ ಶೆಡ್ಡಿಗೆ ಹೋದಾಗ ನನಗೆ ಹೊಟ್ಟೆ ಉರಿದುಹೋಯಿತು. ಉಳಿದವರಿಗೆ ಕೇಳಿಸಿದ್ದು ಗಲಾಟೆ, ನನಗೆ ಕೇಳಿಸಿದ್ದು ಜಲಪಾತ. ಇಷ್ಟೆಲ್ಲ ಕರೆಂಟು ಸುರಿದು ಬೆಟ್ಟ ಹತ್ತಿಸಿದ ನೀರು, ಇಳಿಯುವಾಗ ಅದರಲ್ಲಿ ಸ್ವಲ್ಪವನ್ನಾದರೂ ಹಿಂದಕ್ಕೆ ಕೊಡುತ್ತೇನೆ ಎಂದು ಬೊಬ್ಬೆ ಹೊಡೆಯುತ್ತಿದೆ, ನಾವು ಅದರ ಕತ್ತು ಹಿಸುಕುತ್ತಿದ್ದೇವೆ! ಆ ದಿನವೇ ಮ್ಯಾನೇಜರ ಬಳಿ ಹೋಗಿ, "ಇಲ್ಲೊಂದು ಟರ್ಬೈನ್ ಇಡೋಣ" ಎಂದೆ.

ಮ್ಯಾನೇಜರು ಒಮಾನಿ, ಮಸ್ಕತ್ತಿನ ಹಳೆಯ ಪೇಟೆ ಮತ್ರಾದ ಸೂಕಿನ ಗಲ್ಲಿಗಳಲ್ಲಿ ಬೆಳೆದವರು. ಅಲ್ಲಿನ ವ್ಯಾಪಾರಿಗಳ ಮಕ್ಕಳ ಜೊತೆ ಆಡಿ ಕಲಿತ ಅವರ ಹಿಂದಿ ನನ್ನ ಹಿಂದಿಗಿಂತ ನೂರು ಪಾಲು ಚೆನ್ನ. ಅವರು ನಕ್ಕು, ಹೊಸ ಟರ್ಬೈನಿಗೆ ಕಂಪನಿ ಒಂದು ಬೈಸಾ ಕೊಡುವುದಿಲ್ಲ ಎಂದರು. "ಟರ್ಬೈನ್ ಬೇಡ, ಪಂಪು ಕೊಡಿ" ಎಂದೆ ನಾನು. ಅವರ ನಗು ನಿಂತಿತು.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಗೊತ್ತಿದ್ದವರಿಗೆ ಗೊತ್ತಿರುವ ವಿದ್ಯೆ. ಪಂಪಿಗೆ ಕರೆಂಟು ಕೊಟ್ಟರೆ ಅದು ನೀರನ್ನು ಮೇಲಕ್ಕೆ ಎತ್ತುತ್ತದೆ. ಅದೇ ಪಂಪಿನ ಹೊರಬಾಯಿಯಿಂದ ರಭಸದ ನೀರನ್ನು ಒಳಕ್ಕೆ ನುಗ್ಗಿಸಿದರೆ ಅದು ಉಲ್ಟಾ ತಿರುಗಿ, ಅದರ ಮೋಟಾರೇ ಕರೆಂಟು ಕೊಡುತ್ತದೆ. ಸ್ವಂತವಾಗಿ ಏಳುವ ಶಕ್ತಿ ಅದಕ್ಕಿಲ್ಲ, ಗ್ರಿಡ್ಡು ಕೈಹಿಡಿದರೆ ಮಾತ್ರ ನಡೆದೀತು. ಆ ಮಟ್ಟಿಗೆ ಅದು ನಮ್ಮೂರಿನ ದೊಡ್ಡ ಯಂತ್ರಗಳ ಮುಂದೆ ಕೂಸು. ಆದರೆ ಒಂದು ವಿಷಯದಲ್ಲಿ ಕೂಸು ಬಹಳ ಜಾಣ. ಇಲ್ಲಿ ಗ್ರಿಡ್ಡು ಏದುಸಿರು ಬಿಡುವುದು ಬೇಸಿಗೆಯ ಮಧ್ಯಾಹ್ನ, ಮನೆಮನೆಯ ಏಸಿಗಳು ಒಟ್ಟಿಗೆ ಓಡುವಾಗ. ನಿಜ್ವಾದ ಜನ ಹೆಚ್ಚು ನೀರು ಖರ್ಚು ಮಾಡುವುದೂ ಅದೇ ಬೇಸಿಗೆಯಲ್ಲಿ. ಅಂದರೆ ಗ್ರಿಡ್ಡಿಗೆ ಯಾವಾಗ ಬೇಕೋ ಆಗಲೇ ನಮ್ಮ ಪೈಪಿನಲ್ಲಿ ನೀರು ಜಾಸ್ತಿ, ಆಗಲೇ ನಮ್ಮ ಕರೆಂಟೂ ಜಾಸ್ತಿ. ಇದನ್ನು ನಾನು ಮ್ಯಾನೇಜರಿಗೆ ಕಾರಿಡಾರಿನಲ್ಲಿ ಹೇಳಿದೆ, ಕ್ಯಾಂಟೀನಿನಲ್ಲಿ ಹೇಳಿದೆ, ಅವರ ಮಗಳ ಮದುವೆಯ ಊಟಕ್ಕೆ ಹೋದಾಗಲೂ ಹೇಳಿದೆ. ಗಂಡ ನನ್ನ ಸೀರೆಯ ಸೆರಗು ಎಳೆದರೂ ಬಿಡಲಿಲ್ಲ.

ಕೊನೆಗೆ ಅವರು ಸೋತರು. ಆದರೆ ಸೋಲುವಾಗ ಷರತ್ತು ಹಾಕಿಯೇ ಸೋತರು. ಗೋದಾಮಿನಲ್ಲಿ ಒಂದು ಬಿಡಿ ಪಂಪು ಇದೆ. ಅದನ್ನು ರಿಪೇರಿ ಮಾಡಿಸಿ ಶೆಡ್ಡಿನಲ್ಲಿ ಕೂರಿಸಿ. ಕರೆಂಟು ಹಂಚುವ ಕಂಪನಿಯಿಂದ ಎಂಜಿನಿಯರ್ ಬಂದು ಪರೀಕ್ಷೆ ಮಾಡುತ್ತಾರೆ. ಅವರು ಒಪ್ಪಿದರೆ ಯಂತ್ರ ಅಲ್ಲೇ ಉಳಿಯುತ್ತದೆ, ಬೇರೆ ಬಿಡಿ ಪಂಪನ್ನು ಎಲ್ಲಿಂದಾದರೂ ಹೊಂದಿಸೋಣ. ಒಪ್ಪದಿದ್ದರೆ ಅದೇ ಸಂಜೆ ಲಾರಿ ಹತ್ತುತ್ತದೆ, ಏಕೆಂದರೆ ಕೆಳಗಿನ ಇನ್ನೊಂದು ಪಂಪ್‌ಹೌಸಿಗೆ ಬೇಸಿಗೆ ಮುಗಿಯುವ ತನಕ ಬಿಡಿ ಪಂಪು ಕೈಯಲ್ಲಿರಲೇಬೇಕು.

"ಒಂದೇ ದಿನ. ಆಮೇಲೆ ಈ ವಿಷಯ ಖಲಾಸ್" ಎಂದರು ಮ್ಯಾನೇಜರು.

ನನಗೆ ಆಗಲೇ ಐವತ್ತು ದಾಟಿತ್ತು. ಇನ್ನೊಂದು ಯಂತ್ರ ನನ್ನ ಕೈಗೆ ಬರುವುದಿಲ್ಲ ಎಂದು ಗೊತ್ತಿತ್ತು. ಅಷ್ಟು ವರ್ಷ ಟ್ಯೂಷನ್ನಿನ ಮಕ್ಕಳಿಗೆ ಬೋರ್ಡಿನ ಮೇಲೆ ಟರ್ಬೈನಿನ ಚಿತ್ರ ಬರೆದು ಅಳಿಸಿದ ಮೇಲೆ, ನಿಜವಾದದ್ದೊಂದು ನನ್ನ ಕಣ್ಣೆದುರು ತಿರುಗಬೇಕು ಎಂಬುದು ಬಿಟ್ಟರೆ ಆ ಬೇಸಿಗೆಯಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ. ಷರತ್ತಿಗೆ ಒಪ್ಪಿದೆ.

ಇನ್ನು ನಮ್ಮ ಫೋರ್ಮನ್ನರ ಕಥೆ ಹೇಳಬೇಕು. ಮಂಗಳೂರಿನ ಕಡೆಯ ಕ್ರಿಸ್ತುವರು, ಮನೆಮಾತು ಕೊಂಕಣಿ. ಹೆಂಡತಿ ನಿಜ್ವಾದಲ್ಲೇ ಆಸ್ಪತ್ರೆಯ ನರ್ಸು. ಅವರಿಗೆ ನನಗಿಂತ ವಯಸ್ಸು ಹೆಚ್ಚು, ಗಂಟಲು ಅದಕ್ಕಿಂತ ಹೆಚ್ಚು. ನಾವಿಬ್ಬರೂ ಚಹಾ ಕುಡಿಯುವಾಗ ತುಳು ಮಾತಾಡುತ್ತಿದ್ದೆವು, ಜಗಳ ಮಾತ್ರ ಯಾಕೋ ಯಾವಾಗಲೂ ಕನ್ನಡದಲ್ಲೇ. ಪಂಪಿನ ವಿಷಯದಲ್ಲಿ ಅವರನ್ನು ಮೀರಿಸಿದವರು ಆ ಪೈಪಿನ ಉದ್ದಕ್ಕೂ ಯಾರೂ ಇಲ್ಲ. ಆದರೆ ಪಂಪಿನವರಿಗೆಲ್ಲ ಒಂದು ಭಯ ಇರುತ್ತದೆ, ಅವರಿಗಂತೂ ರಕ್ತದಲ್ಲೇ ಇತ್ತು. ಪಂಪು ಓಡುತ್ತಿರುವಾಗ ಕರೆಂಟು ಹೋದರೆ, ಮೇಲೆ ಹತ್ತಿದ ನೀರು ಹಿಂದಕ್ಕೆ ಬಿದ್ದು ಪಂಪನ್ನು ಉಲ್ಟಾ ತಿರುಗಿಸುತ್ತದೆ. ಹಾಗೆ ತಿರುಗಿ ಶಾಫ್ಟು ಮುರಿದದ್ದನ್ನು ಅವರು ಎಳೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದರು. ಅವರಿಗೆ ಉಲ್ಟಾ ಎಂದರೆ ಸಾವು.

ನಾನು ಯೋಜನೆ ವಿವರಿಸಿದಾಗ ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ಎಂತ ಮೇಡಂ ಇದು! ಜೀವಮಾನ ಇಡೀ ಯಾವುದು ಆಗಬಾರದು ಅಂತ ಕಾದು ಕೂತೆನೋ, ಅದನ್ನೇ ಮಾಡಿ ಅಂತೀರಲ್ಲ ನೀವು?"

"ಹೌದು, ಅದನ್ನೇ. ಹದ ನೋಡಿ ಮಾಡುದು."

"ನಿಮ್ಮ ಗಂಡ ಪಾಪ ಹೇಗೆ ಸುಧಾರಿಸ್ತಾರೆ ಮಾರಾಯ್ರೆ ನಿಮ್ಮನ್ನು?"

"ಅವರು ಸಾರು ಮಾಡ್ತಾರೆ. ನೀವು ಪಂಪು ಮಾಡಿ."

ಬಾಯಲ್ಲಿ ಹೀಗೆಲ್ಲ ಹೇಳಿದರೂ ಕೆಲಸಕ್ಕೆ ಕೈಹಾಕಿದ ಮೇಲೆ ಅವರದು ಪೂಜೆ ಮಾಡಿದ ಹಾಗೆ. ಪಂಪನ್ನು ವರ್ಕ್‌ಶಾಪಿಗೆ ಕಳಿಸಿ ಬೇರಿಂಗ್ ಬದಲಾಯಿಸಿದರು, ಹೊಸ ನೀಲಿ ಬಣ್ಣ ಹೊಡೆಸಿದರು, ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿದರು. ಆಳೆತ್ತರದ ಯಂತ್ರ, ತಲೆಯ ಮೇಲೆ ಮೋಟಾರು. ನಾನು ವೈರಿಂಗು ಮಾಡಿಸಿದೆ. ಹಳೆಯ ವಾಲ್ವನ್ನು ಪಕ್ಕದ ದಾರಿಯಾಗಿ ಹಾಗೇ ಇಟ್ಟುಕೊಂಡೆವು, ಯಂತ್ರ ನಿಂತರೂ ಊರಿಗೆ ನೀರು ನಿಲ್ಲಬಾರದಲ್ಲ. ಯಾವುದು ಮೊದಲು ತೆರೆಯಬೇಕು, ಯಾವುದು ಆಮೇಲೆ ಮುಚ್ಚಬೇಕು ಎಂದು ಫೋರ್ಮನ್ನರಿಗೆ ಬಾಯಿಪಾಠ ಮಾಡಿಸಿದೆ. "ಗೊತ್ತುಂಟು ಮಾರಾಯ್ರೆ, ನಾನೆಂತ ನಿಮ್ಮ ಟ್ಯೂಷನ್ ಪೋರನಾ?" ಎಂದು ರೇಗಿದರು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಹೊರಗೆ ಲಾರಿ ಬಂದು ನಿಂತಿತ್ತು. ನಮ್ಮ ಯಂತ್ರವನ್ನು ಹೊತ್ತೊಯ್ಯಲು ಬಂದ ಲಾರಿ. ಪಠಾಣ ಚಾಲಕ ಅದರ ನೆರಳಿನಲ್ಲೇ ಚಾಪೆ ಹಾಕಿ ಮಲಗಿದ್ದ. ಇನ್ನೂ ಪರೀಕ್ಷೆಯೇ ಆಗಿಲ್ಲ, ಆಗಲೇ ಹೆಣ ಎತ್ತಲು ಬಂದಿದ್ದಾರೆ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮ್ಯಾನೇಜರಿಗೆ ಹೇಳಿಯೂ ಬಿಟ್ಟೆ. ಅವರು ತಣ್ಣಗೆ, "ಲಾರಿ ಖಾಲಿ ಹೋದರೆ ಬಾಡಿಗೆ ನಾನು ಕೊಡುತ್ತೇನೆ, ನೀವು ಒಳಗೆ ಹೋಗಿ" ಎಂದರು.

ಪರೀಕ್ಷಕಿ ಒಮಾನಿ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಪ್ಪು ಅಬಾಯದ ಮೇಲೆ ಹಳದಿ ಜಾಕೆಟ್ಟು, ತಲೆವಸ್ತ್ರದ ಮೇಲೆ ಹೆಲ್ಮೆಟ್ಟು. ಖರ್ಜೂರ ತಿಂದು ಕಹ್ವಾ ಕಾಫಿ ಕುಡಿದು ನೇರವಾಗಿ ವಿಷಯಕ್ಕೆ ಬಂದಳು. ಅವಳಿಗೆ ಬೇಕಾದದ್ದು ಎರಡು. ಮೊದಲನೆಯದು, ಯಂತ್ರ ಗ್ರಿಡ್ಡಿಗೆ ಅಲುಗಾಡದೆ ಕರೆಂಟು ಕೊಡಬೇಕು. ಎರಡನೆಯದು, ಗ್ರಿಡ್ಡು ಕಡಿದರೆ ಯಂತ್ರ ತಕ್ಷಣ ಬಾಯಿ ಮುಚ್ಚಬೇಕು. "ಲೈನು ಸತ್ತಿದೆ ಎಂದುಕೊಂಡು ನಮ್ಮವರು ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಯಂತ್ರ ಜೀವಂತ ಇರಬಾರದು" ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ನನಗೆ ಹುಡುಗಿ ಹಿಡಿಸಿದಳು. ಕಚೇರಿಯ ಹೊತ್ತು ಮುಗಿಯುವ ತನಕ ಇರುತ್ತೇನೆ ಎಂದಳು.

ನಾನು ಸ್ವಿಚ್ಚಿನ ಫಲಕದ ಮುಂದೆ ನಿಂತೆ. ಫೋರ್ಮನ್ನರನ್ನು ಯಂತ್ರದ ಪಕ್ಕದ ಕೆಂಪು ಸ್ಟಾಪ್ ಗುಂಡಿಯ ಹತ್ತಿರ ನಿಲ್ಲಿಸಿದೆ, ಏನಾದರೂ ಹೆಚ್ಚುಕಡಿಮೆ ಆದರೆ ಒತ್ತಲಿ ಎಂದು. ಫಿಟ್ಟರ್ ಒಬ್ಬ ನೀರಿನ ವಾಲ್ವನ್ನು ನಿಧಾನವಾಗಿ ತೆರೆದ. ಒತ್ತಡದ ಮುಳ್ಳು ಏರಿತು. ಪೈಪು ನಡುಗಿತು. ಯಂತ್ರ ತಿರುಗಲಿಲ್ಲ.

ಇನ್ನಷ್ಟು ತೆರೆಸಿದೆ. ಯಂತ್ರ ನರಳಿತು, ತಿರುಗಲಿಲ್ಲ. ಬುಡದ ಬೋಲ್ಟುಗಳು ಕಿರ್‌ಗುಟ್ಟಿದವು. "ಮುಚ್ಚು, ಮುಚ್ಚು!" ಎಂದು ಕೂಗಿದೆ. ಇಷ್ಟು ರಭಸದ ನೀರು ನೂಕಿದರೂ ಅಲ್ಲಾಡದೆ ನಿಂತಿದೆ ಎಂದರೆ ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ. ಪರೀಕ್ಷಕಿ ತನ್ನ ಹಾಳೆಯಲ್ಲಿ ಏನೋ ಬರೆದುಕೊಂಡಳು. ಮ್ಯಾನೇಜರು ಕಿಟಕಿಯಿಂದ ಲಾರಿಯ ಕಡೆ ನೋಡಿದರು, ಅಥವಾ ನನಗೆ ಹಾಗೆ ಅನಿಸಿತು.

ಹಿಡಿದುಕೊಂಡ ಹಾಗೆ ಎಂದು ನನಗೇ ಅನಿಸಿದ್ದರ ಅರ್ಥ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಫೋರ್ಮನ್ನರ ಕಡೆ ತಿರುಗಿದೆ.

"ವರ್ಕ್‌ಶಾಪಿನವರಿಗೆ ನೀವು ಎಂತ ಹೇಳಿ ಕಳಿಸಿದ್ರಿ?"

"ಎಂತ ಹೇಳುದು? ಯಾವಾಗಿನ ಹಾಗೆ ಫುಲ್ಲು ಮಾಡಿ ಕೊಡಿ ಅಂದೆ."

"ಫುಲ್ಲು ಅಂದ್ರೆ?"

ಅವರು ಟೊಪ್ಪಿ ತೆಗೆದರು. ಮೋಟಾರಿನ ತಲೆಯ ಕಡೆ ನೋಡಿದರು. ಅವರ ಮುಖದ ಬಣ್ಣ ಇಳಿದದ್ದು ನನಗೆ ಕಾಣಿಸಿತು.

"ಅಯ್ಯೋ ದೇವರೇ" ಎಂದರು.

ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತದಲ್ಲ, ಒಂದು ಕಡೆಗೆ ಬಿಡುತ್ತದೆ, ಇನ್ನೊಂದು ಕಡೆಗೆ ಕಚ್ಚಿ ಹಿಡಿಯುತ್ತದೆ. ಅಂಥದೇ ಹಲ್ಲಿನ ಚಕ್ರವೊಂದನ್ನು ಪಂಪು ಉಲ್ಟಾ ತಿರುಗದಿರಲಿ ಎಂದು ಮೋಟಾರಿನ ತಲೆಯಲ್ಲಿ, ಮುಚ್ಚಳದ ಅಡಿಯಲ್ಲಿ ಕೂರಿಸುತ್ತಾರೆ. ಫೋರ್ಮನ್ನರು ಬಂದ ಮೇಲೆ ಆ ವರ್ಕ್‌ಶಾಪಿನಿಂದ ಈ ಚಕ್ರ ಇಲ್ಲದೆ ಒಂದು ಪಂಪೂ ಹೊರಗೆ ಬಂದದ್ದಿಲ್ಲ, ಅದು ಅವರದೇ ಕಟ್ಟಪ್ಪಣೆ. ಹುಡುಗರು ಪಾಪ ಶ್ರದ್ಧೆಯಿಂದ ಹೊಸದನ್ನೇ ಹಾಕಿ, ಗ್ರೀಸು ಬಳಿದು, ಮೇಲೆ ಮುಚ್ಚಳ ಬಿಗಿದು ಕಳಿಸಿದ್ದರು. ಉಲ್ಟಾ ತಿರುಗಲೆಂದೇ ತಂದ ಪಂಪಿಗೆ!

ನನಗೆ ನಗು ಬರಬೇಕಿತ್ತು, ಬರಲಿಲ್ಲ. "ನಿಮ್ಮ ತಲೆಗೆ ಮೊದಲು ಅದನ್ನು ಹಾಕಬೇಕು" ಎಂದು ಎಲ್ಲರೆದುರು ಕಿರುಚಿದೆ. ಅವರೂ ಬಿಡಲಿಲ್ಲ. "ನೀವು ಎಲ್ಲ ನೋಡಿದ್ರಲ್ಲ, ತಲೆ ಯಾಕೆ ನೋಡಲಿಲ್ಲ?" ಎಂದು ಕಿರುಚಿದರು. ಕಿರುಚುತ್ತಲೇ ಏಣಿ ಹತ್ತಿದರು. ಪರೀಕ್ಷಕಿ ಮ್ಯಾನೇಜರಿಗೆ ಏನೋ ಕೇಳಿದಳು, ಅವರು ಅರಬ್ಬಿಯಲ್ಲಿ ಏನೋ ಹೇಳಿದರು, ಇಬ್ಬರೂ ಮುಖ ಆಚೆ ತಿರುಗಿಸಿದರು. ಅವರಿಗೆ ನಗು ಬಂದಿತ್ತೆಂದು ಆಮೇಲೆ ಗೊತ್ತಾಯಿತು.

ಮುಚ್ಚಳ ತೆಗೆದು, ಹಲ್ಲಿನ ಚಕ್ರ ಬಿಚ್ಚಿ, ತಿರುಗಿ ಎಲ್ಲ ಬಿಗಿಯುವಷ್ಟರಲ್ಲಿ ಹೊರಗೆ ಬಿಸಿಲು ನೆತ್ತಿಗೆ ಬಂತು. ಬೇಸಿಗೆಯಲ್ಲಿ ಆ ಹೊತ್ತಿಗೆ ಬಯಲಿನಲ್ಲಿ ಯಾರೂ ಕೆಲಸ ಮಾಡುವಂತಿಲ್ಲ ಎಂದು ಇಲ್ಲಿ ಕಾನೂನೇ ಇದೆ. ಹೊರಗಿನ ಹುಡುಗರೆಲ್ಲ ಶೆಡ್ಡಿನೊಳಗೆ ಬಂದು ಗೋಡೆಗೊರಗಿ ನಿಂತರು. ಪ್ರೇಕ್ಷಕರು ಜಾಸ್ತಿಯಾದರು ಅಷ್ಟೇ.

ಎರಡನೆಯ ಸಲ ನೀರು ಬಿಟ್ಟೆವು. ಈ ಸಲ ಅದು ತಿರುಗಿತು! ಮೊದಲು ಸೋಮಾರಿಯ ಹಾಗೆ ಒಂದು ಸುತ್ತು, ಆಮೇಲೆ ಗುಂಯ್ ಎಂದು ಸದ್ದು ಏರಿತು. ನನ್ನ ಕಣ್ಣು ವೇಗದ ಮುಳ್ಳಿನ ಮೇಲೆ, ಕೈ ಸ್ವಿಚ್ಚಿನ ಮೇಲೆ. ಗ್ರಿಡ್ಡಿನ ವೇಗಕ್ಕೆ ಸರಿಯಾಗಿ ಬಂದ ಕ್ಷಣದಲ್ಲಿ ಸ್ವಿಚ್ಚು ಹಾಕಬೇಕು. ಬಂತು, ಬಂತು, ಇನ್ನೇನು ಬಂತು ಎನ್ನುವಾಗ, "ಉಲ್ಟಾ! ಉಲ್ಟಾ!" ಎಂದು ಶೆಡ್ಡು ಹಾರಿಹೋಗುವಂತೆ ಕೂಗು. ಫಟ್ ಎಂದು ಸ್ಟಾಪ್ ಗುಂಡಿ ಬಿತ್ತು. ಯಂತ್ರ ಸದ್ದು ಇಳಿಸುತ್ತ ನಿಂತಿತು. ಪಕ್ಕದ ದಾರಿಯ ವಾಲ್ವು ತಿರುಗಿ ಕಿರುಚಲು ಶುರುಮಾಡಿತು.

ಫೋರ್ಮನ್ನರು ತಮ್ಮ ಬಲಗೈಯನ್ನೇ ಬೇರೆಯವರ ಕೈ ಎಂಬಂತೆ ನೋಡುತ್ತ ನಿಂತಿದ್ದರು. ಪಂಪಿನ ಹೊಟ್ಟೆಯ ಮೇಲೆ ಯಾವ ಕಡೆಗೆ ತಿರುಗಬೇಕೆಂದು ಎರಕದಲ್ಲೇ ಮೂಡಿಸಿದ ಬಾಣದ ಗುರುತಿತ್ತು, ಹೊಸ ಬಣ್ಣ ಹೊಡೆಯುವಾಗ ಅದಕ್ಕೆ ಕೆಂಪು ತುಂಬಿಸಿದ್ದರು. ಶಾಫ್ಟು ಬಾಣಕ್ಕೆ ಎದುರಾಗಿ ಸುತ್ತುವುದು ಕಣ್ಣಿಗೆ ಬಿದ್ದದ್ದೇ ತಡ, ಕೈ ತಾನಾಗಿ ಎದ್ದಿತ್ತು.

"ನಾನು ಒತ್ತಿದ್ದಲ್ಲ ಮೇಡಂ, ಕೈ ಒತ್ತಿದ್ದು" ಎಂದರು. ಅವರ ದೊಡ್ಡ ಗಂಟಲು ಎಲ್ಲಿಗೋ ಹೋಗಿತ್ತು.

ಬೈಯಲು ಬಾಯಿ ತೆರೆದೆ. ಆದರೆ ಆ ಮನುಷ್ಯನ ಕಣ್ಣು ತುಂಬಿತ್ತು. ಜನ್ಮವಿಡೀ ಪಂಪುಗಳನ್ನು ಕಾಪಾಡಿದ ಕೈ ಅದು, ಇವತ್ತು ಒಂದು ದಿನ ಸುಮ್ಮನಿರು ಎಂದರೆ ಹೇಗೆ ಕೇಳೀತು? ನನ್ನ ಸಿಟ್ಟು ಇಳಿದುಹೋಯಿತು. ಪರೀಕ್ಷಕಿ ಗಡಿಯಾರ ನೋಡಿಕೊಂಡಳು. ಇನ್ನೊಂದು ಸಲ ಮಾಡಲು ಮಾತ್ರ ಹೊತ್ತಿದೆ ಎಂದಳು. ಹೊರಗೆ ಲಾರಿಯ ಚಾಲಕ ಎದ್ದು ಹಗ್ಗಗಳನ್ನು ಬಿಡಿಸಿ ಹರವುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು.

"ನಿಮ್ಮ ಕೈಗೆ ಬೇರೆ ಕೆಲಸ ಕೊಡ್ತೇನೆ" ಎಂದೆ ಫೋರ್ಮನ್ನರಿಗೆ. "ಗುಂಡಿ ಹತ್ರ ಬೇಡ. ನೀರಿನ ವಾಲ್ವು ನೀವೇ ತೆಗೀರಿ. ಎರಡೂ ಕೈಯಲ್ಲಿ ಹಿಡೀಬೇಕು."

"ನಾನಾ? ಇಷ್ಟೆಲ್ಲ ಮಾಡಿದ ಮೇಲೂ?"

"ನೀವಲ್ಲದೆ ಮತ್ಯಾರು? ಈ ನೀರಿನ ಹದ ನಿಮ್ಮಷ್ಟು ಯಾರಿಗೆ ಗೊತ್ತುಂಟು? ನನ್ನ ಮುಖ ನೋಡಿ ತೆಗೀರಿ, ಪಂಪು ನೋಡ್ಬೇಡಿ."

ಅವರು ಶಿಲುಬೆಯ ಗುರುತು ಮಾಡಿಕೊಂಡು ಚಕ್ರ ಹಿಡಿದರು. ಸ್ಟಾಪ್ ಗುಂಡಿಯ ಹತ್ತಿರ ಮ್ಯಾನೇಜರೇ ಹೋಗಿ ನಿಂತರು, ಎರಡೂ ಕೈಗಳನ್ನು ದಿಶ್‌ದಾಶಾ ನಿಲುವಂಗಿಯ ಬೆನ್ನ ಹಿಂದೆ ಕಟ್ಟಿಕೊಂಡು. "ಯಲ್ಲಾ, ಶುರುಮಾಡಿ" ಎಂದರು.

ಯಂತ್ರ ಎದ್ದಿತು. ಫೋರ್ಮನ್ನರು ನನ್ನ ಮುಖದಿಂದ ಕಣ್ಣು ಕದಲಿಸಲಿಲ್ಲ. ನಾನು ಗಲ್ಲ ಎತ್ತಿದರೆ ಕೂದಲೆಳೆಯಷ್ಟು ತೆರೆಯುತ್ತಾರೆ, ಇಳಿಸಿದರೆ ನಿಲ್ಲಿಸುತ್ತಾರೆ. ಬೆವರು ಅವರ ಮೂಗಿನ ತುದಿಯಿಂದ ಹನಿಯುತ್ತಿತ್ತು. ಮುಳ್ಳು ಗ್ರಿಡ್ಡಿನ ವೇಗವನ್ನು ಮುಟ್ಟಿತು. ಹಾಕಿದೆ ಸ್ವಿಚ್ಚು.

ಧಡ್ ಎಂದು ಒಂದು ಸದ್ದು. ಯಂತ್ರ ಒಮ್ಮೆ ಅದುರಿ ಒಂದೇ ಲಯಕ್ಕೆ ಬಂತು. ಗ್ರಿಡ್ಡು ಅದರ ಕೈ ಹಿಡಿದಿತ್ತು. "ಇನ್ನು ಬಿಡಿ ಮಾರಾಯ್ರೆ, ಪೂರ್ತಿ ಬಿಡಿ!" ಎಂದು ಕೂಗಿದೆ. ಅವರು ಚಕ್ರ ತಿರುಗಿಸುತ್ತ ಹೋದರು, ಪಕ್ಕದ ದಾರಿಯ ವಾಲ್ವು ಅಷ್ಟಷ್ಟೇ ಮುಚ್ಚಿಕೊಂಡು ಬಂತು. ಅದರ ಕಿರುಚಾಟ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತೇಹೋಯಿತು. ಎಷ್ಟು ವರ್ಷಗಳಿಂದ ಅರಚುತ್ತಿತ್ತೋ ಆ ವಾಲ್ವು. ಈಗ ಒಂದು ಗುಂಯ್‌ಗುಡುವ ದನಿ ಬಿಟ್ಟರೆ ಶೆಡ್ಡಿನಲ್ಲಿ ಸದ್ದೇ ಇಲ್ಲ. ಗೋಡೆಗೊರಗಿದ್ದ ಹುಡುಗರು ಒಬ್ಬೊಬ್ಬರಾಗಿ ಕಿವಿಯ ಮುಚ್ಚಳ ತೆಗೆದರು. ಆ ಶೆಡ್ಡಿನೊಳಗೆ ನಾವು ಪಿಸುಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು.

ಪರೀಕ್ಷಕಿ ಮೀಟರಿನ ಮುಂದೆ ಬಗ್ಗಿ ನಿಂತು ನೋಡಿದಳು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. ತಲೆಯಾಡಿಸಿದಳು. ಆಮೇಲೆ ಕೈಯಿಂದ ಕತ್ತರಿಸುವ ಸನ್ನೆ ಮಾಡಿದಳು. ಗ್ರಿಡ್ಡು ಕಡಿಯಿರಿ ಎಂದು.

ಕಡಿದೆ. ಹಿಡಿದ ಕೈ ಬಿಟ್ಟುಹೋದ ಯಂತ್ರ ಹುಚ್ಚು ಓಟ ಓಡಲು ಒಮ್ಮೆ ಸದ್ದು ಏರಿಸಿತು, ಅಷ್ಟರಲ್ಲಿ ತಾನಾಗಿ ಮುಚ್ಚುವ ವಾಲ್ವು ನೀರಿನ ಬಾಯಿಯನ್ನು ಕಟ್ಟಿತು, ಪಕ್ಕದ ದಾರಿ ತೆರೆದುಕೊಂಡು ನೀರು ಊರ ಕಡೆ ಹೋಯಿತು. ಒಂದು ಉಸಿರು ತೆಗೆದು ಬಿಡುವಷ್ಟರಲ್ಲಿ ಯಂತ್ರ ತೆಪ್ಪಗಾಗಿತ್ತು. ಪರೀಕ್ಷಕಿ ಲೈನಿಗೆ ಉಪಕರಣ ಹಿಡಿದು ನೋಡಿದಳು. ಸತ್ತ ಲೈನು, ಜೀವ ಇಲ್ಲ. ಆಗ ಅವಳು ಹೆಲ್ಮೆಟ್ಟು ತೆಗೆದು, ನನ್ನನ್ನು ಮೊದಲ ಬಾರಿಗೆ "ಖಾಲಾ" ಎಂದು ಕರೆದಳು. ನಮ್ಮ ಕಡೆ ಚಿಕ್ಕಮ್ಮ ಎಂದ ಹಾಗೆ. "ಖಾಲಾ, ಇನ್ನು ಇದನ್ನು ನಿಲ್ಲಿಸಬೇಡಿ" ಎಂದಳು.

ಮ್ಯಾನೇಜರು ಹೊರಗೆ ಹೋಗಿ ಲಾರಿಯವನಿಗೆ ಖಾಲಿ ಹೋಗೆಂದು ಹೇಳಿದರು. ಅವನು ಗೊಣಗುತ್ತ ಹಗ್ಗ ಸುತ್ತಿದ. ನಾನು ಯಂತ್ರವನ್ನು ತಿರುಗಿ ಗ್ರಿಡ್ಡಿಗೆ ಜೋಡಿಸಿ, ಅಲ್ಲೇ ಒಂದು ಬಣ್ಣದ ಡಬ್ಬದ ಮೇಲೆ ಕೂತು ಅತ್ತೆ. ಮರೆಯಲ್ಲಿ ಅಲ್ಲ, ಎಲ್ಲರೆದುರೇ. ಸಂತೋಷಕ್ಕೆ ಅಳುವುದಕ್ಕೆ ನನಗೇನು ನಾಚಿಕೆ? ಗಂಡನಿಗೆ ಫೋನು ಮಾಡಿದರೆ ಬರೀ ಬಿಕ್ಕಳಿಕೆ ಕೇಳಿ ಅವರು ಹೆದರಿ, "ಎಲ್ಲಿ ತಾಗಿತು? ಆಸ್ಪತ್ರೆಗೆ ಹೋದ್ಯಾ?" ಎಂದು ಬೊಬ್ಬೆ ಹಾಕಿದರು.

ಆ ಹೊತ್ತಿಗೆ ಗೋಡೆಯ ಫೋನು ರಿಂಗಾಯಿತು. ನಮ್ಮ ಕಂಪನಿಯ ಮಸ್ಕತ್ತಿನ ಕಂಟ್ರೋಲ್ ರೂಮಿನಿಂದ. ಪೈಪಿನ ಉದ್ದಕ್ಕೂ ಇರುವ ಎಲ್ಲ ಪಂಪ್‌ಹೌಸು, ಎಲ್ಲ ಶೆಡ್ಡುಗಳು ಎಷ್ಟು ಕರೆಂಟು ಕುಡಿಯುತ್ತಿವೆ ಎಂದು ಕೂತಲ್ಲೇ ಪರದೆಯ ಮೇಲೆ ನೋಡುವವರು ಅವರು. ಫೋರ್ಮನ್ನರು ಹತ್ತಿರವಿದ್ದರು, ಎತ್ತಿ ಸ್ಪೀಕರಿಗೆ ಹಾಕಿದರು. ಆ ಕಡೆ ಮಾತಾಡಿದವನು ಉರ್ದುವಿನವನು, ದನಿಯಲ್ಲಿ ಗಾಬರಿ. "ಭಾಯಿ, ನಿಮ್ಮ ಶೆಡ್ಡಿನ ಮೀಟರು ಕೆಟ್ಟಿದೆ. ಮೈನಸ್ ತೋರಿಸುತ್ತಿದೆ. ಎಲ್ಲ ಉಲ್ಟಾ ಇದೆ. ಮೊದಲು ಬಂದ್ ಮಾಡಿ, ಆಮೇಲೆ ಹುಡುಕೋಣ" ಎಂದ.

ನಾನು ಬಣ್ಣದ ಡಬ್ಬದಿಂದ ಎದ್ದೇಬಿಟ್ಟೆ. ಫೋರ್ಮನ್ನರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಅವರ ಹಳೆಯ ಗಂಟಲು ತಿರುಗಿ ಬಂದಿತ್ತು.

"ಮೀಟರು ಸರಿ ಉಂಟು!" ಎಂದು ಮೊದಲು ಕನ್ನಡದಲ್ಲೇ ಗುಡುಗಿ, ಆಮೇಲೆ ಜ್ಞಾಪಕ ಬಂದು ಹಿಂದಿಗೆ ತಿರುಗಿಸಿಕೊಂಡರು. "ಏನೂ ಕೆಟ್ಟಿಲ್ಲ. ಇಷ್ಟು ವರ್ಷ ನಾವು ತೆಗೆದುಕೊಂಡೆವು, ಇವತ್ತು ಕೊಡುತ್ತಿದ್ದೇವೆ. ಉಲ್ಟಾ ತಿರುಗಿದರೇ ಇಲ್ಲಿ ಸರಿ. ಯಾರೂ ಏನನ್ನೂ ಬಂದ್ ಮಾಡುವುದಿಲ್ಲ, ತಿಳಿಯಿತಾ?"

ಆ ಕಡೆ ಕೀಬೋರ್ಡು ಬಡಿದ ಸದ್ದು ಕೇಳಿಸಿತು. ಆಮೇಲೆ ಅವನು ನಿಧಾನಕ್ಕೆ, ಇದು ಎಷ್ಟು ಹೊತ್ತು ಹೀಗೇ ಇರುತ್ತದೆ, ತಾನು ಮೇಲಿನವರಿಗೆ ಏನೆಂದು ಹೇಳಲಿ ಎಂದು ಕೇಳಿದ. ಫೋರ್ಮನ್ನರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು.

"ನಿಜ್ವಾದವರು ನೀರು ಕುಡಿಯುವವರೆಗೆ ಅಂತ ಹೇಳು."